ತಗಡಿನ ಎದೆಯ ದನಿ

ಹರಿಹರ
13-3-1998

ಕಮಲಕ್ಕನವರಿಗೆ ದ್ರಾಕ್ಷಾಯಣಿಯ ನಮಸ್ಕಾರಗಳು.

ತಿಂಗಳಿಗೆ ಒಂದೇ ಕಾಗದ, ಅದೂ ನಿಮ್ಮ ಶಾಲೆಯ ವಿಳಾಸಕ್ಕೆ ಎಂದು ಹೇಳಿದ್ದಿರಿ. ಈ ತಿಂಗಳಿನದು ಆಗಲೇ ಬರೆದಾಗಿದೆ. ಆದರೂ ಬರೆಯುತ್ತಿದ್ದೇನೆ. ನಿನ್ನೆಯಿಂದ ನನ್ನ ಕೈ ಹೊಲಿಗೆ ಮಷಿನ್ನಿನ ಮೇಲೆ ನಿಲ್ಲುತ್ತಿಲ್ಲ. ಒಂದು ಬ್ಲೌಸಿಗೆ ಎರಡೂ ಕಡೆ ಎಡತೋಳೇ ಕೂಡಿಸಿಬಿಟ್ಟೆ. ನಸೀಮಕ್ಕ ಬೈಯಲಿಲ್ಲ, ತಾವೇ ಬಿಚ್ಚುತ್ತಾ ಕೂತರು.

ಇಲ್ಲಿ ಹೊಳೆಯ ಕಡೆಯ ಮೈದಾನಕ್ಕೆ ಎಕ್ಸಿಬಿಷನ್ ಬಂದಿದೆ. ದೀಪಾವಳಿಯ ಮರುದಿನ ನೀವು ನನ್ನನ್ನು ಬಸ್ಸು ಹತ್ತಿಸಿ ಕಳಿಸಿದ ಮೇಲೆ ನಾನು ಈ ಟೈಲರ್ ಅಂಗಡಿ, ಹಿಂದಿನ ಕೋಣೆ ಬಿಟ್ಟು ಹೊರಗೆ ಹೋದವಳೇ ಅಲ್ಲ. ನಸೀಮಕ್ಕನೇ ಬಲವಂತ ಮಾಡಿದರು. "ನಿನ್ನ ಗಂಡ ಸೊಲ್ಲಾಪುರದಾಗ ನಿನ್ನ ಸೋದರಮಾವನ ಮನ್ಯಾಗ ಹುಡುಕಿ ಬರಿಗೈಲಿ ಬಂದಾನೆ. ಹರಿಹರದಾಗ ನಿನ್ನ ಯಾರು ನೋಡ್ತಾರೆ? ಬೇಕಂದ್ರೆ ನನ್ನ ಬುರ್ಖಾ ಹಾಕ್ಕ" ಅಂದರು. ನಗು ಬಂತು. ಹೋದೆ.

ಕೊನೆಯ ಸಾಲಿನಲ್ಲಿ ಒಂದು ಡೇರೆ. ಒಳಗೆ ಆಳೆತ್ತರದ ತಗಡಿನ ಮನುಷ್ಯ. ಮೈಗೆಲ್ಲ ಬೆಳ್ಳಿ ಬಣ್ಣ, ಕಣ್ಣಿಗೆ ಕೆಂಪು ಬಲ್ಬು, ಎದೆಗೆ ಗಾಜು, ಗಾಜಿನೊಳಗೆ ಹಸಿರು ಹಳದಿ ದೀಪಗಳ ಓಡಾಟ. 'ಕಂಪ್ಯೂಟರ್ ರೋಬೋ ನಿಮ್ಮ ಭವಿಷ್ಯ ಹೇಳುತ್ತದೆ, ಕೇಳಿದ್ದನ್ನು ಯಾರಿಗೂ ಹೇಳಬಾರದು' ಎಂದು ಬೋರ್ಡು. ಅದರ ಬೆನ್ನ ಹಿಂದೆ ಕಪ್ಪು ಪರದೆ. ಗುಲ್ಷನ್‌ಬಿ ಎಂಬ ವಯಸ್ಸಾದ ಹೆಂಗಸು ಅದರ ಒಡತಿ. ಟಿಕೆಟ್ ಹರಿದು, ಗಂಡಸೋ ಹೆಂಗಸೋ ನೋಡಿ ಒಂದು ಗುಂಡಿ ಒತ್ತಿ, ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. "ತಗಡಿನ ಡಬ್ಬಿ ನನಗೇನು ಹೇಳೀತು, ನೀನೇ ಕೇಳು" ಎಂದು ನಸೀಮಕ್ಕ ಹಿಂದೆಯೇ ನಿಂತರು.

ಹೆಡ್‌ಫೋನ್ ಹಾಕಿದ ಕೂಡಲೆ ಹೊರಗಿನ ಗದ್ದಲವೆಲ್ಲ ಅಡಗಿತು. ಆಮೇಲೆ ದನಿ ಬಂತು. ನಿಮ್ಮ ತಮ್ಮನ ದನಿ, ಕಮಲಕ್ಕ.

ಆಟೋಗೆ ಮೈಕು ಕಟ್ಟಿಕೊಂಡು ಸಿನಿಮಾ, ಸೀರೆ ಸೇಲು ಎಂದು ದಾವಣಗೆರೆಯ ಓಣಿ ಓಣಿಯಲ್ಲೂ ಕೂಗಿದ ದನಿ. ಆರು ವರ್ಷ ನನ್ನ ದಿಂಬಿನ ಪಕ್ಕದಲ್ಲಿದ್ದ ದನಿ. ನನಗೆ ತಪ್ಪುವುದುಂಟೆ? ಅದು ಹೊರಗಿನಿಂದ ಬಂದ ಹಾಗೆ ಇರಲಿಲ್ಲ, ನನ್ನ ತಲೆಯೊಳಗೇ ನಿಂತು ಮಾತಾಡಿದ ಹಾಗಿತ್ತು. "ನಿಮ್ಮ ಮನಸ್ಸಿನಲ್ಲಿ ಒಂದು ಮುಳ್ಳಿದೆ. ಹೊರಗೆ ನಗುತ್ತೀರಿ, ಒಳಗೆ ಅಳುತ್ತೀರಿ. ಹಗಲಿರುಳು ನಿಮ್ಮನ್ನೇ ನೆನೆಯುವ ಒಂದು ಜೀವವಿದೆ. ನೀವು ಎಷ್ಟೇ ದೂರ ಹೋದರೂ ಆ ಜೀವಕ್ಕೆ ನಿಮ್ಮ ಹೆಜ್ಜೆ ಗೊತ್ತಿದೆ" ಅಂದಿತು. ಕೊನೆಗೆ ಮೆಲ್ಲಗೆ ನಕ್ಕಿತು. ಆ ನಗು ನಿಮಗೂ ಗೊತ್ತಲ್ಲ.

ಹೆಡ್‌ಫೋನ್ ಕಿತ್ತು ಕೆಳಗೆ ಹಾಕಿ ಓಡಿ ಬಂದೆ. ಪರದೆ ಸರಿಸಿ ನೋಡಲು ಧೈರ್ಯ ಬರಲಿಲ್ಲ. ಟೇಪಿನಲ್ಲಿದ್ದ ಮಾತಾದರೆ ಎಲ್ಲರಿಗೂ ಹೇಳುವ ಮಾತು. ಪರದೆಯ ಹಿಂದೆ ಮನುಷ್ಯ ಇದ್ದರೆ ನನ್ನನ್ನು ನೋಡಿಯೇ ಹೇಳಿದ ಮಾತು. ಯಾವುದು ಎಂದು ಹೇಗೆ ತಿಳಿಯಲಿ? ನಿಮ್ಮ ತಮ್ಮ ನಿನ್ನೆ ಗುರುವಾರ ಸಂಜೆ ಎಲ್ಲಿದ್ದರು, ಅಷ್ಟು ತಿಳಿಸಿಬಿಡಿ.

ನಿಮ್ಮ
ದ್ರಾಕ್ಷಿ


ದಾವಣಗೆರೆ
17-3-1998

ದ್ರಾಕ್ಷಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮಕ್ಕಳು ಲೆಕ್ಕ ಮಾಡುತ್ತಿದ್ದಾಗ ತರಗತಿಯಲ್ಲೇ ಓದಿದೆ. ಮೊದಲು ಒಂದು ಮಾತು. ಆ ಡೇರೆಯ ಕಡೆ ಹೋಗಬೇಡ.

ಗುರುವಾರ ಅವನು ಎಲ್ಲಿದ್ದ ಎಂದು ನನಗೆ ಗೊತ್ತಿಲ್ಲ. ದಿನಾ ರಾತ್ರಿ ಊಟಕ್ಕೆ ನಮ್ಮ ಮನೆಗೇ ಬರುತ್ತಾನೆ, ಅವತ್ತು ಬರಲಿಲ್ಲ. ಶುಕ್ರವಾರ ಬಂದು ರಾಣೆಬೆನ್ನೂರಿನಲ್ಲಿ ಕೆಲಸ ಇತ್ತು ಅಂದ. ಎಲೆಕ್ಷನ್ ಮುಗಿದ ಮೇಲೆ ಅವನ ಮೈಕಿಗೆ ಕೆಲಸವೇ ಇಲ್ಲ. ಆಟೋ ಮನೆ ಮುಂದೆ ನಿಂತಿದೆ. ಎಲ್ಲೆಲ್ಲೋ ತಿರುಗುತ್ತಾನೆ. ಕೇಳಿದರೆ ನಗುತ್ತಾನೆ.

ಜನವರಿಯಲ್ಲಿ ನಿನ್ನನ್ನು ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿ ಬಂದನಲ್ಲ, ಅಂದಿನಿಂದ ನಿನ್ನ ಹೆಸರು ಎತ್ತುವುದು ಕಮ್ಮಿಯಾಗಿದೆ. ಎತ್ತಿದರೂ ಮೆತ್ತಗೆ. "ದ್ರಾಕ್ಷೀದು ಏನರ ಸುದ್ದಿ ಐತೇನಕ್ಕ?" ಎಂದು ಸಾರು ಬಡಿಸುವಾಗ ಕೇಳುತ್ತಾನೆ. ಪಕ್ಕದ ಮನೆಯ ಮಾರೆಮ್ಮ ಇವತ್ತಿಗೂ "ಅಂಥ ಗಂಡನ್ನ ಬಿಟ್ಟು ಹೋದ್ಲಲ್ಲ, ಒಂದಿನ ದನಿ ಎತ್ತಿದ್ದು ಕೇಳಿಲ್ಲ ನಾವು" ಎನ್ನುತ್ತಾಳೆ. ನಮ್ಮ ಯಜಮಾನರೂ ಅದನ್ನೇ ನಂಬಿದ್ದಾರೆ. ನಿನ್ನನ್ನು ಕಳಿಸಿದವಳು ನಾನು ಎಂದು ಅವರಿಗೂ ತಿಳಿಯದು. ಕಿಟಕಿ ಮುಚ್ಚಿ, ರೇಡಿಯೋ ದೊಡ್ಡದು ಮಾಡಿ, ದನಿ ಏರಿಸದೆ ಹೊಡೆಯುತ್ತಿದ್ದನೆಂದು ನೀನು ನನ್ನ ಮುಂದೆ ಹೇಳಿದ್ದು, ನಿನ್ನ ಬೆನ್ನು ನಾನು ನೋಡಿದ್ದು, ಇಷ್ಟೇ ಸಾಕ್ಷಿ.

ಯುಗಾದಿಗೆ ಹೋಳಿಗೆ ಊಟಕ್ಕೆ ಬರುತ್ತಾನೆ. ಸಮಯ ನೋಡಿ ಕೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಯ ಮುಂಬಾಗಿಲಿಗೂ ಬರಬೇಡ.

ಇಂತಿ
ಕಮಲಕ್ಕ


ಹರಿಹರ
21-3-1998

ಕಮಲಕ್ಕನವರಿಗೆ ನಮಸ್ಕಾರ.

ಹೋಗಬೇಡ ಅಂದಿರಿ. ಹೋದೆ. ಸಿಟ್ಟಾಗಬೇಡಿ. ಕೋಣೆಯಲ್ಲಿ ಕೂತರೆ ಎಲ್ಲದರಲ್ಲೂ ಆ ದನಿಯೇ ಕೇಳುತ್ತದೆ. ಕಂಡಕ್ಟರು ಕೂಗಿದರೂ ಅವರೇ, ನಲ್ಲಿಯಲ್ಲಿ ಗಾಳಿ ಬಂದರೂ ಅವರೇ. ಎಲ್ಲಿದ್ದಾರೋ ತಿಳಿಯದೆ ಹೆದರುವುದಕ್ಕಿಂತ ನೋಡಿ ಹೆದರುವುದೇ ವಾಸಿ ಅನಿಸಿತು. ನಸೀಮಕ್ಕನ ಬುರ್ಖಾ ಹಾಕಿಕೊಂಡು ಇಬ್ಬರೂ ಮಂಡಕ್ಕಿ ಅಂಗಡಿಯ ಹತ್ತಿರ ಕೂತು ಡೇರೆಯ ಬಾಗಿಲನ್ನೇ ನೋಡಿದೆವು.

ಜನ ಆ ತಗಡಿನ ಮುಂದೆ ಹೇಗಿರುತ್ತಾರೆ ನೋಡಬೇಕು ನೀವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಒಬ್ಬ ಮುದುಕ ಅದರ ಮುಂದೆ ಪೇಟ ತೆಗೆದು "ಬೋರಿನಾಗ ನೀರು ಬೀಳತೈತೇನು ಸ್ವಾಮಿ?" ಎಂದು ಕೇಳಿದ. ಅದಕ್ಕೆ ಕಿವಿಯೇ ಇಲ್ಲ, ಕಿವಿಯ ಜಾಗದಲ್ಲಿ ಎರಡು ಡಬ್ಬಿಯ ಮುಚ್ಚಳ ಬಡಿದಿದ್ದಾರೆ. ಫ್ಯಾಕ್ಟರಿಯ ಹುಡುಗರು ಗುಂಪಾಗಿ ಬಂದು ಗೇಲಿ ಮಾಡಿದರು. ಅವರಲ್ಲೇ ಒಬ್ಬ ಹೆಡ್‌ಫೋನ್ ತೆಗೆದ ಮೇಲೆ ಗುಂಪು ಬಿಟ್ಟು ಹೊರಟುಹೋದ. ಒಬ್ಬಾಕೆ ಅದರ ಹಣೆಗೆ ಕುಂಕುಮ ಹಚ್ಚಿದಳು. ಬೆಳ್ಳಿ ಬಣ್ಣದ ಮೇಲೆ ಕುಂಕುಮ, ಕೆಂಪು ಕಣ್ಣು. ನನಗೆ ಮೈ ಜುಂ ಎಂದಿತು.

ಹೆಚ್ಚು ಹೆದರಿಕೆಯಾದದ್ದು ಕೇಳುವ ಹೆಂಗಸರ ಮುಖ ನೋಡಿ. ಹೆಡ್‌ಫೋನ್ ಹಾಕಿದ ಮೇಲೆ ಅವರಿಗೆ ಸುತ್ತಲಿನವರು ಕಾಣುವುದೇ ಇಲ್ಲ. ಕಣ್ಣು ಅರ್ಧ ಮುಚ್ಚಿ, ತುಟಿ ಸಡಿಲಾಗಿ, ಯಾರೋ ತಮ್ಮನ್ನು ಮಾತ್ರ ಅರ್ಥ ಮಾಡಿಕೊಂಡರು ಅನ್ನುವ ಹಾಗೆ ತಲೆದೂಗುತ್ತಾರೆ. ನನ್ನನ್ನು ನೋಡಲು ಬಂದ ದಿನ ನಿಮ್ಮ ತಮ್ಮ ನಡುಮನೆಯಲ್ಲಿ ಕೂತು ಮಾತಾಡುತ್ತಿದ್ದರೆ ಬಾಗಿಲ ಹಿಂದೆ ನಿಂತು ನಾನೂ ಹೀಗೇ ತಲೆದೂಗಿರಬೇಕು.

ಪರದೆಯ ಹಿಂದಿನಿಂದ ಯಾರೂ ಹೊರಗೆ ಬರಲಿಲ್ಲ. ಹಾಗೆಂದು ಒಳಗೆ ಯಾರೂ ಇಲ್ಲ ಎಂದಾಯಿತೇ? ಗುಲ್ಷನ್‌ಬಿ ಒಮ್ಮೆ ಚಹಾ ತೆಗೆದುಕೊಂಡು ಪರದೆಯ ಹಿಂದೆ ಹೋದರು. ಬರುವಾಗ ಲೋಟ ಇರಲಿಲ್ಲ. ತಾವೇ ಕುಡಿದಿರಬಹುದು ಎಂದು ನಸೀಮಕ್ಕ ಹೇಳುತ್ತಾರೆ. ನಾನು ನಿದ್ದೆ ಮಾಡಿಲ್ಲ.

ನಿಮ್ಮ
ದ್ರಾಕ್ಷಿ


ದಾವಣಗೆರೆ
30-3-1998

ದ್ರಾಕ್ಷಿಗೆ ಆಶೀರ್ವಾದಗಳು.

ಇನ್ನು ನೆಮ್ಮದಿಯಾಗಿ ಮಲಗು. ಅದು ಬರೀ ಟೇಪು.

ಹಬ್ಬದ ದಿನ ಊಟಕ್ಕೆ ಕೂತಾಗ ಸುಮ್ಮನೆ ತೆಗೆದೆ. ನಮ್ಮ ಶಾಲೆಯ ಟೀಚರೊಬ್ಬರು ರೋಬೋ ನೋಡಿ ಬಂದರಂತೆ, ನಿನ್ನ ದನಿಯ ಹಾಗೇ ಇತ್ತಂತೆ ಎಂದೆ. ಅವನ ಮುಖ ಅರಳಿತು ನೋಡು, ಚಿಕ್ಕಂದಿನಲ್ಲಿ ಭಾಷಣಕ್ಕೆ ಬಹುಮಾನ ತಂದಾಗ ಅರಳುತ್ತಿತ್ತಲ್ಲ, ಹಾಗೆ. "ಹಂಗೇ ಏನು, ನಂದೇ ಅಕ್ಕ ಅದು! ಹೋದ ವರ್ಷ ಹುಬ್ಬಳ್ಳಿ ಸ್ಟುಡಿಯೋದಾಗ ಕೂತು ಮೂರು ಕ್ಯಾಸೆಟ್ ಮಾಡಿಕೊಟ್ಟೆ. ಗಂಡಸರಿಗೊಂದು, ಹೆಂಗಸರಿಗೊಂದು, ಹುಡುಗರಿಗೊಂದು. ಎಲ್ಲಾರಿಗೂ ಅದೇ ಮಾತು. ಜನ ನಂಗೇ ಹೇಳ್ತು ಅಂತ ಅಳ್ತಾರಂತೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಯಜಮಾನರೂ ನಕ್ಕರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನು ಅಲ್ಲಿಲ್ಲ, ಇರಲೂ ಇಲ್ಲ. ನೀನು ಕೇಳಿದ ಮಾತನ್ನೇ ಆ ದಿನ ನೂರು ಜನ ಕೇಳಿದ್ದಾರೆ.

ಕೈ ತೊಳೆಯುವಾಗ ಮಾತ್ರ "ಎಲ್ಲಿ ಕೇಳಿದ್ರಂತೆ?" ಅಂದ. ಹರಿಹರದಲ್ಲಿ ಎಂದು ಬಾಯಿಗೆ ಬಂದದ್ದು ಬಂದುಬಿಟ್ಟಿತು. "ಹೌದಾ? ಆ ಡಬ್ಬಿ ಹರಿಹರಕ್ಕೆ ಬಂದೈತಾ? ಯಾವ ಟೀಚರಕ್ಕ?" ಅಂದ. ಸರೋಜಾ ಎಂದೆ. ಟವೆಲು ಕೊಟ್ಟೆ. ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಹೋದ. ಹೊಗಳಿಕೆ ಎಂದರೆ ಅವನಿಗೆ ಮೊದಲಿನಿಂದ ಆಸೆ. ಅದಕ್ಕೇ ಕೇಳಿರಬೇಕು, ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಂತಿ
ಕಮಲಕ್ಕ


ಹರಿಹರ
2-4-1998

ಕಮಲಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ಮಂಗಳವಾರ ಕೈಗೆ ಬಂತು. ಅವತ್ತೇ ಸಂಜೆ ಹೋಗಿ ಹೆಡ್‌ಫೋನ್ ಹಾಕಿಸಿಕೊಂಡೆ. ಪೂರ್ತಿ ಕೇಳಿ, ಇನ್ನೊಂದು ಟಿಕೆಟ್ ತೆಗೆದುಕೊಂಡು ಮತ್ತೆ ಕೇಳಿದೆ. ಅದೇ ಮುಳ್ಳು, ಅದೇ ಜೀವ, ಅದೇ ಹೆಜ್ಜೆ. ನಗುವೂ ಅದೇ ಜಾಗದಲ್ಲಿ. ಟೇಪು ಒಂದು ಕಡೆ ಸ್ವಲ್ಪ ಎಳೆಯುತ್ತದೆ, ಎರಡು ಸಲವೂ ಅಲ್ಲೇ ಎಳೆಯಿತು. ಆ ಯಂತ್ರಕ್ಕೆ ನಾನು ಯಾರೋ ಗೊತ್ತೇ ಇಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಆಗ ಒಂದು ಕೆಲಸ ಮಾಡಿದೆ, ಹೇಳಲು ನಾಚಿಕೆ. "ನೀವು ಎಷ್ಟೇ ದೂರ ಹೋದರೂ" ಎಂದು ಅದು ಶುರು ಮಾಡಿದಾಗ ನಾನು ಮೆಲ್ಲಗೆ "ಬರ್ರಿ ನೋಡನ, ಎಲ್ಲಿಗೆ ಬರ್ತೀರಿ" ಅಂದೆ. ಅಷ್ಟೇ. ಆಕಾಶ ಬೀಳಲಿಲ್ಲ. ದನಿ ತನ್ನಷ್ಟಕ್ಕೆ ಮುಂದೆ ಹೋಯಿತು. ಆರು ವರ್ಷದಲ್ಲಿ ಆ ದನಿಗೆ ನಾನು ಒಂದು ಸಲವೂ ಎದುರು ಹೇಳಿರಲಿಲ್ಲ.

ನಿನ್ನೆಯೂ ಹೋದೆ. ಇವತ್ತೂ. ತಗಡಿನ ಎದೆಯ ಹತ್ತಿರ ಬಾಯಿ ಇಟ್ಟು ಒಂದೊಂದೇ ಹೇಳುತ್ತೇನೆ. ಉಪ್ಪು ಕಮ್ಮಿಯಾದದ್ದಕ್ಕೆ ಏನು ಮಾಡಿದಿರಿ, ಮಾರನೆಯ ದಿನ ಜಾತಿಹೂವು ತಂದು ಮುಡಿಸುತ್ತಾ ಏನು ಹೇಳಿದಿರಿ. ಹೇಳಿದ ಮೇಲೆ ಹೊಟ್ಟೆ ಹಸಿಯುತ್ತದೆ. ನಿನ್ನೆ ಮೂರು ರೊಟ್ಟಿ ತಿಂದೆ. ಗುಲ್ಷನ್‌ಬಿ ನೋಡಿಯೂ ನೋಡದ ಹಾಗೆ ಇರುತ್ತಾರೆ. "ನಿನ್ನಂಗೆ ಬಾಳ ಜನ ಇದರ ಜತೀಗೆ ಮಾತಾಡ್ತಾರಮ್ಮ. ಯಾರೂ ಬೈಯಾಕಿಲ್ಲ ಅಷ್ಟೆ, ನೀ ಬೈತೀ" ಎಂದು ನಕ್ಕರು.

ಭಾನುವಾರ ಎಕ್ಸಿಬಿಷನ್ನಿನ ಕೊನೆಯ ದಿನ. ಅವತ್ತು ಎಲ್ಲಕ್ಕಿಂತ ದೊಡ್ಡದನ್ನು ಹೇಳಬೇಕೆಂದಿದ್ದೇನೆ. ನಿಮಗೂ ಹೇಳಿಲ್ಲದ್ದು. ಹೋದ ವರ್ಷ ಶ್ರಾವಣದಲ್ಲಿ ಮೆಟ್ಟಿಲಿಂದ ಜಾರಿ ಬಿದ್ದೆ, ಅದಕ್ಕೇ ಹೊಟ್ಟೆಯಲ್ಲಿದ್ದದ್ದು ಹೋಯಿತು ಎಂದು ನಿಮ್ಮ ತಮ್ಮ ಆಸ್ಪತ್ರೆಯಲ್ಲಿ ಬರೆಸಿದ್ದರಲ್ಲ. ನಮ್ಮ ಮನೆಯಲ್ಲಿ ಮೆಟ್ಟಿಲು ಎಲ್ಲಿದೆ, ಕಮಲಕ್ಕ?

ನಿಮ್ಮ
ದ್ರಾಕ್ಷಿ


ದಾವಣಗೆರೆ
4-4-1998, ಶನಿವಾರ

ದ್ರಾಕ್ಷಿ,

ನಾಳೆ ಹೋಗಬೇಡ. ಬೇರೇನೂ ಓದದಿದ್ದರೂ ಇದನ್ನು ಓದು. ಹೋಗಬೇಡ.

ಬೆಳಗ್ಗೆ ತಿಂಡಿಗೆ ಬಂದಿದ್ದ. ಗುರುವಾರ ಸಂಜೆಯೇ ಹರಿಹರಕ್ಕೆ ಹೋಗಿ ಗುಲ್ಷನ್‌ಬಿಯನ್ನು ನೋಡಿ ಬಂದನಂತೆ. ಕೊನೆಯ ದಿನ ಪರದೆ ಹಿಂದೆ ಮೈಕು ಹಿಡಿದು ತಾನೇ ಕೂರುತ್ತಾನಂತೆ. ಆಮೇಲೆ ನಗುತ್ತಾ, "ಒಬ್ಬಾಕಿ ದಿನಾ ಬಂದು ರೋಬೋನ್ನ ಬೈದು ಹೋಗ್ತಾಳಂತಕ್ಕ. ಗುಲ್ಷನ್‌ಬಿ ಹೇಳಿದ್ಲು. ಆಕೀನ್ನ ನೋಡ್ಬೇಕು" ಅಂದ. ಉಪ್ಪಿಟ್ಟಿನ ತಟ್ಟೆಯಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದ.

ನಾನೇ ಬರುತ್ತಿದ್ದೆ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಆಸ್ಪತ್ರೆಯಲ್ಲಿ ನಾನೇ ಇರಬೇಕು. ನಿಮ್ಮ ಓಣಿಯ ಫೋನ್ ಬೂತಿಗೆ ಮಾಡಿದೆ, ಯಾರೂ ಎತ್ತುತ್ತಿಲ್ಲ. ಅಂಚೆಗೆ ಹಾಕಿದರೆ ಸೋಮವಾರ. ಬಸ್ಸಿನ ಕಂಡಕ್ಟರ್ ಗೋಣೆಪ್ಪ ನಮ್ಮ ಶಾಲೆಯ ಹುಡುಗನ ತಂದೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಇವತ್ತೇ ಮುಟ್ಟಿಸುತ್ತೇನೆ ಅಂದಿದ್ದಾನೆ.

ಕಮಲಕ್ಕ


ಹರಿಹರ
7-4-1998

ಕಮಲಕ್ಕನವರಿಗೆ,

ನೀವು ಹುಷಾರಾಗಿದ್ದೀರಾ? ಮೊದಲು ಅದನ್ನು ಬರೆಯಿರಿ. ಯಾಕೆ ಕೇಳುತ್ತಿದ್ದೇನೆಂದು ಮುಂದೆ ಓದಿದರೆ ತಿಳಿಯುತ್ತದೆ. ಅವರು ಬಂದರೆ ಬಾಗಿಲು ತೆರೆಯಬೇಡಿ.

ಗೋಣೆಪ್ಪನವರು ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಂದು ನಿಮ್ಮ ಕಾಗದವನ್ನು ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು. ಭಾನುವಾರ ಅಂಗಡಿ ತೆರೆಯುವುದಿಲ್ಲ, ನಾವು ಓಡಾಡುವುದು ಹಿತ್ತಲ ಬಾಗಿಲಲ್ಲಿ. ಓದಿದ್ದು ಎಲ್ಲ ಆದ ಮೇಲೆ.

ಅವತ್ತು ಡೇರೆಯ ಮುಂದೆ ದೊಡ್ಡ ಸಾಲಿತ್ತು. ಗುಲ್ಷನ್‌ಬಿ ನನ್ನನ್ನು ಕಂಡವರೇ "ಬಾರಮ್ಮ, ನೀ ದಿನಾ ಬರಾಕಿ" ಎಂದು ಸಾಲು ತಪ್ಪಿಸಿ ಮುಂದೆ ಕರೆದರು. ನನಗೆ ಸಂತೋಷವೇ ಆಯಿತು. ನಸೀಮಕ್ಕ ಬಾಗಿಲ ಹತ್ತಿರ ನಿಂತರು. ಹೆಡ್‌ಫೋನ್ ಹಾಕಿದೆ. "ನಿಮ್ಮ ಮನಸ್ಸಿನಲ್ಲಿ ಒಂದು ಮುಳ್ಳಿದೆ" ಎಂದಿತು. ಟೇಪಿಗಿಂತ ದನಿ ಹತ್ತಿರ ಅನಿಸಿತು. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ಮಾತು ಶುರು ಮಾಡಿಬಿಟ್ಟಿದ್ದೆ. ಶ್ರಾವಣದ ರಾತ್ರಿಯದು. ಕಿಟಕಿ ಹಾಕಿದ್ದು, ರೇಡಿಯೋದಲ್ಲಿ ವಾರ್ತೆ ಬರುತ್ತಿದ್ದದ್ದು, ಹೊಟ್ಟೆಗೆ ಮಾತ್ರ ಹೊಡೆಯಬೇಡಿ ಎಂದು ನಾನು ಕೈ ಅಡ್ಡ ಹಿಡಿದದ್ದು. ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಒಳಗೆ ಸದ್ದಿರಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಯಾರೋ ಉಸಿರು ಎಳೆದುಕೊಂಡ ಸದ್ದು.

"ದ್ರಾಕ್ಷಿ."

ಟೇಪಿಗೆ ನನ್ನ ಹೆಸರು ಗೊತ್ತಿಲ್ಲ ಕಮಲಕ್ಕ.

"ಬಾಳ ಮಾತು ಕಲ್ತೀಯಲ್ಲ. ತಿರುಗಬ್ಯಾಡ. ಕಿವೀದು ತೆಗೀಬ್ಯಾಡ. ಹಿಂದೆ ಜನ ಐತೆ, ನಗ್ತಾ ನಿಂತ್ಕ."

ಟೇಪಿನಲ್ಲಿ 'ಇದೆ' ಎನ್ನುತ್ತಿದ್ದ ದನಿ 'ಐತೆ' ಅಂದಿತು. ಅದು ಮನೆಯ ದನಿ. ಕಿಟಕಿ ಹಾಕಿದ ಮೇಲಿನ ದನಿ. ನಾನು ನಕ್ಕೆ. ನಿಜವಾಗಿಯೂ ನಕ್ಕೆನಂತೆ, ನಸೀಮಕ್ಕ ಆಮೇಲೆ ಹೇಳಿದರು. ಎದುರಿಗೆ ಕೆಂಪು ಕಣ್ಣು ಮಿಟುಕುತ್ತಿತ್ತು, ಎದೆಯಲ್ಲಿ ದೀಪ ಓಡಾಡುತ್ತಿತ್ತು. ನೋಡಿದವರಿಗೆಲ್ಲ ಒಬ್ಬ ಹೆಂಗಸು ಖುಷಿಯಾಗಿ ಭವಿಷ್ಯ ಕೇಳುತ್ತಿದ್ದಾಳೆ ಅಷ್ಟೇ. ಅಷ್ಟು ಜನರ ನಡುವೆ ಅವರು ನನ್ನೊಬ್ಬಳಿಗೇ ಕೇಳುವ ಹಾಗೆ ಮಾತಾಡುತ್ತಾ ಹೋದರು. ಬಸ್ ಸ್ಟಾಂಡಿಗೆ ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ಆ ಸಾಬರಾಕೆಗೆ ಏನೂ ಹೇಳಬೇಡ ಎಂದು.

ಧೈರ್ಯ ಮಾಡಿ ಏನೋ ಮಾಡಿದೆ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಹೆದರಿಕೆಗೆ ಕಾಲು ತಾನಾಗಿ ಹಿಂದೆ ಹೋಯಿತು, ಇನ್ನೊಂದು ಹೆಜ್ಜೆ, ಇನ್ನೊಂದು. ಹೆಡ್‌ಫೋನಿನ ವೈರು ಬಿಗಿಯಾಗಿ ರೋಬೋದ ಪಕ್ಕೆಯಿಂದ ಕಿತ್ತು ಬಂತು. ಕುಂಯ್ ಎಂದು ಕಿವಿ ಹರಿಯುವ ಸದ್ದು. ಆಮೇಲೆ ಆ ತಗಡಿನ ಎದೆಯೊಳಗಿನ ಸ್ಪೀಕರಿನಿಂದ, ಡೇರೆ ತುಂಬ, ಹೊರಗಿನ ಸಾಲಿಗೂ ಕೇಳುವ ಹಾಗೆ ಅವರ ದನಿ.

"...ನಗ್ತಾನೇ ನಡೀಬೇಕು. ಮನೀಗೆ ಹೋದ ಮ್ಯಾಲೆ ಆ ಬಾಯಿ ಹೊಲೀತೀನಿ. ಹೋದ ಸಲ ಹೊಟ್ಯಾಗಿಂದು ಒಂದೇ ಹೋತು, ಈ ಸಲ ನೀನೂ ಉಳಿಯಲ್ಲ. ನಮ್ಮಕ್ಕನೇ ಕಳಿಸಿದ್ದಲ್ಲ ನಿನ್ನ? ಆಕೀಗೂ ಐತೆ."

ಮೊದಲು ಜನ ನಕ್ಕರು. ರೋಬೋ ಏನೋ ತಮಾಷೆ ಮಾಡುತ್ತಿದೆ ಅಂದುಕೊಂಡರು. ಪರದೆಯ ಹಿಂದಿದ್ದ ನಿಮ್ಮ ತಮ್ಮನಿಗೆ ಸಿಟ್ಟಿನಲ್ಲಿ ಅದು ಗೊತ್ತಾಗಲಿಲ್ಲ, ಇನ್ನೂ ಮಾತಾಡುತ್ತಲೇ ಇದ್ದರು. ನಗು ಒಂದೊಂದೇ ಕಡೆ ನಿಂತಿತು. ಒಂದು ಕೂಸು ಅಳಲು ಶುರು ಮಾಡಿತು. ನಸೀಮಕ್ಕ ಜನರನ್ನು ನೂಕಿಕೊಂಡು ಬಂದು ಪರದೆ ಹಿಡಿದು ಎಳೆದೇಬಿಟ್ಟರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಮೈಕು ಹಿಡಿದು ಕೂತಿದ್ದರು ನಿಮ್ಮ ತಮ್ಮ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಜನರನ್ನು ನೋಡಿದ ಕ್ಷಣ ಮುಖ ಬದಲಾಯಿತು, ದನಿಯೂ. "ಮಹನೀಯರೇ, ಮಹಿಳೆಯರೇ, ಇದೊಂದು ಚಿಕ್ಕ ನಾಟಕ" ಎಂದು ಎದ್ದು ನಿಂತರು. ಯಾರೋ ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. "ಗಂಡ ಹೆಂಡ್ರ ವಿಷ್ಯ, ನಮಗ್ಯಾಕ ಬಿಡ್ರಿ" ಎಂದು ಒಬ್ಬರು ಹೊರಟರು. ಕೂಸು ಎತ್ತಿಕೊಂಡಿದ್ದಾಕೆ ಮಾತ್ರ ನನ್ನ ಮುಂದೆ ಬಂದು ನಿಂತಳು. "ನಾಟಕ ಹಿಂಗಿರಲ್ಲ. ನಾವೂ ಕೇಳೀವಿ ಇಂಥಾ ಮಾತು" ಅಂದಳು. ಅವಳು ಯಾರೋ ಗೊತ್ತಿಲ್ಲ. ಗುಲ್ಷನ್‌ಬಿ ಕರೆಂಟಿನ ವೈರು ಕಿತ್ತರು. ಕತ್ತಲಾಯಿತು. ನಸೀಮಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು.

ಈಗ ನಸೀಮಕ್ಕನ ಚಿಕ್ಕಮ್ಮನ ಮನೆಯಲ್ಲಿದ್ದೇವೆ. ಅಂಗಡಿಗೆ ಬೀಗ. ನಿಮ್ಮ ಹೆಸರು ಅವರ ಬಾಯಲ್ಲಿ ಬಂದಾಗಿನಿಂದ ನನಗೆ ನಿಮ್ಮದೇ ಚಿಂತೆ. ಕೂಡಲೇ ಬರೆಯಿರಿ.

ದ್ರಾಕ್ಷಿ


ದಾವಣಗೆರೆ
20-4-1998

ದ್ರಾಕ್ಷಿಗೆ ಆಶೀರ್ವಾದಗಳು.

ತಡವಾಯಿತು. ನಿನ್ನ ಕಾಗದ ಬರುವ ಮೊದಲೇ ಅವನು ಬಂದು ಹೋಗಿದ್ದ.

ಆ ಭಾನುವಾರದ ಮರುದಿನ, ಸೋಮವಾರ ಮಧ್ಯಾಹ್ನ, ಆಸ್ಪತ್ರೆಗೆ ಬುತ್ತಿ ಕಟ್ಟಲು ಮನೆಗೆ ಬಂದಿದ್ದೆ. ಹಿಂದೆಯೇ ಬಂದ. "ಹಸಿವಾಗೇತೆ, ಊಟ ಹಾಕಕ್ಕ" ಅಂದ. ಹಾಕಿದೆ. ನಿನ್ನ ಕಥೆ ನನಗೆ ಗೊತ್ತಿಲ್ಲ, ನೀನು ಹೋದೆಯೋ ಇಲ್ಲವೋ ಎಂದು ಕೇಳುವ ಹಾಗೂ ಇಲ್ಲ. ಪೂರ್ತಿ ಉಂಡ. ಮಜ್ಜಿಗೆ ಕುಡಿದ. ಎದ್ದು ಕೈ ತೊಳೆದು ರಸ್ತೆ ಕಡೆಯ ಕಿಟಕಿ ಹಾಕಿದ. ಆಮೇಲೆ ರೇಡಿಯೋದ ಗುಂಡಿ ತಿರುಗಿಸಿದ.

ಆಗ ನನಗೆ ಗೊತ್ತಾಯಿತು. ನೀನು ಎಷ್ಟು ಸಲ ಹೇಳಿದ್ದೆ. ಕೇಳುವುದು ಬೇರೆ, ಆ ಕಿಟಕಿಯ ಚಿಲಕ ಬೀಳುವ ಸದ್ದು ಬೇರೆ. ನಾನು ಅವನಿಗಿಂತ ಎಂಟು ವರ್ಷ ದೊಡ್ಡವಳು. ಎತ್ತಿ ಆಡಿಸಿದ್ದೇನೆ. ಆದರೂ ಹಿಂದೆ ಸರಿದು ಗೋಡೆಗೆ ಒರಗಿದೆ. ಪಿಸುಮಾತಿನಲ್ಲೇ "ಯಾಕ ಕಳಿಸಿದಿ ಆಕೀನ್ನ?" ಅಂದ, ಅಷ್ಟರಲ್ಲಿ ಎಡಗಿವಿಯ ಮೇಲೆ ಬಿತ್ತು. ಎರಡನೆಯದು ಬೀಳುವ ಮೊದಲು ನಾನು ಕೂಗಿದೆ. ಇಪ್ಪತ್ತು ವರ್ಷ ಅರವತ್ತು ಮಕ್ಕಳ ಮೇಲೆ ಕೂಗಿದ ಗಂಟಲು, ರೇಡಿಯೋ ಎಲ್ಲಿ ಮುಚ್ಚೀತು? ಮಾರೆಮ್ಮ ಹಿತ್ತಲಿನಿಂದ ಒನಕೆ ಹಿಡಿದೇ ಬಂದಳು. ಅವನು ಅವಳನ್ನು ನೋಡಿ "ಏನಿಲ್ಲ ದೊಡ್ಡವ್ವ, ಅಕ್ಕಗೆ ತಲೆ ತಿರುಗಿತು" ಎಂದು ನಕ್ಕ. ಅವಳು ನಗಲಿಲ್ಲ. ನನ್ನ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು.

ಡಾಕ್ಟರು ಕಿವಿಯೊಳಗಿನ ಪರದೆ ಹರಿದಿದೆ ಅಂದರು. ಆ ಕಿವಿಯಲ್ಲಿ ಈಗ ಬರೀ ಹೊಳೆಯ ಸದ್ದು. ಬುಧವಾರ ನಿನ್ನ ಕಾಗದ ಬಂತು, ಎಲ್ಲ ಕಾಗದಗಳನ್ನೂ ನಮ್ಮ ಯಜಮಾನರ ಮುಂದೆ ಇಟ್ಟೆ. ಓದಿ, ಕನ್ನಡಕ ತೆಗೆದು, "ನನ್ನ ಪಕ್ಕದಾಗ ಕುಂತು ಉಣ್ತಿದ್ದನಲ್ಲೇ" ಅಂದರು. ಆಮೇಲೆ ಅಂಗಿ ಹಾಕಿಕೊಂಡು ನನ್ನನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ನನ್ನ ಹೆಸರಿನಲ್ಲೇ ದೂರು ಕೊಟ್ಟಿದ್ದೇನೆ. ಮಾರೆಮ್ಮ ಹೆಬ್ಬೆಟ್ಟು ಒತ್ತಿದಳು. ಮೂರನೆಯ ದಿನ ಸುದ್ದಿ ಕೇಳಿ, ಯಾರೂ ಕರೆಯದೆ, ಸ್ಟೇಷನ್ನಿಗೆ ಗುಲ್ಷನ್‌ಬಿ ಬಂದು ತಾನು ಕೇಳಿದ್ದನ್ನೆಲ್ಲ ಬರೆಸಿ ಹೋಗಿದ್ದಾಳೆ. "ಆ ಹುಡುಗೀನ್ನ ನಾನೇ ಮುಂದೆ ಕರದೆ, ಅವನು ಕರೀ ಅಂದಿದ್ದ" ಎಂದು ಅತ್ತಳಂತೆ.

ಅವನನ್ನು ಹಿಡಿದಿದ್ದಾರೆ. ಇವತ್ತಲ್ಲ ನಾಳೆ ಜಾಮೀನು ಸಿಗುತ್ತದೆ ಎಂದು ವಕೀಲರು ಹೇಳಿದರು. ನೀನೂ ಕೇಸು ಹಾಕಿದರೆ ಗಟ್ಟಿಯಾಗುತ್ತದೆಯಂತೆ. ಬಲವಂತ ಇಲ್ಲ. ನಿನಗೆ ಹೇಗೆ ಸರಿಯೋ ಹಾಗೆ.

ಇಂತಿ
ಕಮಲಕ್ಕ


ಹರಿಹರ
18-7-1998

ಕಮಲಕ್ಕನವರಿಗೆ ನಮಸ್ಕಾರ.

ನಿಮ್ಮ ಕಿವಿ ಹೇಗಿದೆ? ಮಳೆಗಾಲದಲ್ಲಿ ಅರಳೆ ಇಟ್ಟುಕೊಳ್ಳಿ, ನೀರು ಹೋಗಬಾರದು.

ಅಂಗಡಿ ಮತ್ತೆ ತೆರೆದು ತಿಂಗಳಾಯಿತು. ಶಾಲೆ ಯೂನಿಫಾರ್ಮಿನ ಕೆಲಸ ಬಂದಿದೆ, ನೀಲಿ ಬಟ್ಟೆಯ ರಾಶಿಯ ನಡುವೆ ಕೂತೇ ಬರೆಯುತ್ತಿದ್ದೇನೆ. ಅವರು ಜಾಮೀನಿನ ಮೇಲೆ ಹೊರಗಿದ್ದಾರೆ, ಹುಬ್ಬಳ್ಳಿಯಲ್ಲಿದ್ದಾರೆ ಎಂದು ಕೆಲವರು, ಚಿತ್ರದುರ್ಗ ಎಂದು ಕೆಲವರು. ಹೆದರಿಕೆ ಹೋಗಿದೆ ಎಂದು ಬರೆದರೆ ನೀವು ನಂಬುವುದಿಲ್ಲ. ಮೊನ್ನೆ ಓಣಿಯಲ್ಲಿ ಮೈಕಿನ ಆಟೋ ಬಂತು, ಸೋಪಿನ ಪುಡಿಯ ಪ್ರಚಾರ. ಬೇರೆ ಯಾರದೋ ದನಿ. ಅದು ತಿರುಗಿ ಹೋಗುವವರೆಗೂ ನಾನು ಕತ್ತರಿಯನ್ನು ಕೈಯಿಂದ ಕೆಳಗಿಡಲಿಲ್ಲ.

ನನ್ನ ಕೇಸು ಮುಂದಿನ ತಿಂಗಳು ಹತ್ತನೆಯ ತಾರೀಕಿಗೆ ಬರುತ್ತದೆ. ನಿನ್ನೆ ವಕೀಲರು ಕರೆಸಿ ಎರಡು ತಾಸು ಕೂರಿಸಿದ್ದರು. "ನೋಡಮ್ಮ, ಅಲ್ಲಿ ಅವನು ಎದುರಿಗೇ ನಿಂತಿರ್ತಾನೆ. ನಿನ್ನನ್ನೇ ನೋಡ್ತಿರ್ತಾನೆ. ಅವನ ಕಡೆ ವಕೀಲರು ಮೆಟ್ಟಿಲಿಂದ ಬಿದ್ದೆ ಅಂತ ಆಸ್ಪತ್ರೇಲಿ ಬರೆಸಿದ್ರಲ್ಲ ಅಂತ ನಗ್ತಾ ಕೇಳ್ತಾರೆ. ಶ್ರಾವಣದ್ದು, ಹೊಟ್ಟೇದು, ಎಲ್ಲಾ ಮೊದಲಿಂದ ಹೇಳ್ಬೇಕಾಗತೈತೆ. ಬಾಯಿ ಬರತೈತಾ?" ಎಂದು ಕೇಳಿದರು. ಬಹಳ ಜನ ಅಲ್ಲಿವರೆಗೂ ಬಂದು ಸುಮ್ಮನಾಗಿಬಿಡುತ್ತಾರಂತೆ.

ಅದನ್ನೆಲ್ಲ ನಾನು ಒಂದು ಸಲ ಅವರಿಗೇ ಹೇಳಿ ಆಗಿದೆ ಅಂದೆ. ತಗಡಿನ ಎದೆಗೆ ಬಾಯಿ ಇಟ್ಟು ಹೇಳಿದೆ, ಅವರು ಹಿಂದೆ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಂಡರು. ಈ ಸಲ ನಡುವೆ ಪರದೆ ಇರುವುದಿಲ್ಲ, ಅಷ್ಟೇ.

ನಾನು ಅಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದೆ, ಹೊರಗೆ ಬಂದು ನಸೀಮಕ್ಕನ ಹೆಗಲು ಹಿಡಿದುಕೊಂಡೇ ಬಸ್ಸಿನವರೆಗೆ ನಡೆದೆ.

ಹತ್ತನೆಯ ತಾರೀಕು ನೀವು ಕೋರ್ಟಿಗೆ ಬೇಗ ಬಂದುಬಿಡಿ, ಕಮಲಕ್ಕ. ಹಿಂದಿನ ಬೆಂಚಿನಲ್ಲಿ ಬೇಡ. ನಾನು ತಲೆ ಎತ್ತಿದರೆ ನೀವು ಕಾಣಬೇಕು, ಅಂಥ ಜಾಗ ನೋಡಿ ಕೂತುಕೊಳ್ಳಿ.

ನಿಮ್ಮ
ದ್ರಾಕ್ಷಾಯಣಿ